ಮೊದಲು ತಳ್ಳುತ್ತದೆ, ಆಮೇಲೆ ಎಳೆಯುತ್ತದೆ: ಲಾರಿ ಪಕ್ಕದ ಗಾಳಿಯ ಲೆಕ್ಕ

ಹೈವೇಯಲ್ಲಿ ಬೈಕ್ ಓಡಿಸುವವರಿಗೆಲ್ಲ ಇದು ಗೊತ್ತು. ಹಿಂದಿನಿಂದ ಲಾರಿ ಬಂದು ಬಲಗಡೆಯಿಂದ ದಾಟುತ್ತದೆ. ಅದರ ಮೂತಿ ಹತ್ತಿರವಾಗುತ್ತಿದ್ದಂತೆ ಬೈಕನ್ನು ಏನೋ ಎಡಕ್ಕೆ ನೂಕುತ್ತದೆ. ಸಾವರಿಸಿಕೊಳ್ಳುವಷ್ಟರಲ್ಲಿ ಬೈಕ್ ತಾನಾಗಿ ಬಲಕ್ಕೆ, ಲಾರಿಯ ಚಕ್ರಗಳ ಕಡೆಗೆ ಸರಿಯತೊಡಗುತ್ತದೆ. ಲಾರಿ ಮುಂದೆ ಹೋದ ಮೇಲೂ ಒಂದೆರಡು ಸೆಕೆಂಡ್ ಹ್ಯಾಂಡಲ್ ಅಲ್ಲಾಡುತ್ತಲೇ ಇರುತ್ತದೆ. ಲಾರಿ ಎಳೆದುಕೊಂಡಿತು ಎಂದು ಹೇಳುವವರು ನೆನಪಿಟ್ಟುಕೊಂಡಿರುವುದು ಎರಡನೆಯ ಹಂತವನ್ನು. ಎಳೆಯುವುದಕ್ಕೆ ಮೊದಲು ಅದು ತಳ್ಳಿರುತ್ತದೆ. ಅಪಾಯ ಹುಟ್ಟುವುದು ತಳ್ಳುವಿಕೆ ಎಳೆತವಾಗಿ ತಿರುಗುವ ಆ ಒಂದು ಗಳಿಗೆಯಲ್ಲಿ. ಈ ಕ್ರಮವನ್ನು ಸವಾರ ಮೊದಲೇ ತಿಳಿದಿದ್ದರೆ ಮಾಡಬೇಕಾದ್ದು ತುಂಬಾ ಕಡಿಮೆ. ತಿಳಿಯದಿದ್ದರೆ ಅವನ ಕೈಯೇ ಅವನನ್ನು ಲಾರಿಯ ಕಡೆಗೆ ತಿರುಗಿಸಿಬಿಡುತ್ತದೆ.

ಸೆಕೆಂಡಿಗೆ ಇನ್ನೂರು ಕೆ.ಜಿ. ಗಾಳಿ

ನಮ್ಮ ಬಯಲುಸೀಮೆಯ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.1 ಕೆ.ಜಿ. ತೂಗುತ್ತದೆ. ಕರಾವಳಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಎರಡೂವರೆ ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ಲಾರಿಯೊಂದು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನೋಣ. ಸೆಕೆಂಡಿಗೆ ಅದು 22 ಮೀಟರ್ ಸಾಗುತ್ತದೆ. ಅಷ್ಟು ದೂರದಲ್ಲಿ ತನ್ನ ದಾರಿಗೆ ಅಡ್ಡವಿರುವ ಗಾಳಿಯನ್ನೆಲ್ಲ ಅದು ಪಕ್ಕಕ್ಕೆ, ಮೇಲಕ್ಕೆ ಸರಿಸಲೇಬೇಕು: ಸೆಕೆಂಡಿಗೆ 190 ಘನ ಮೀಟರ್, ತೂಕದಲ್ಲಿ ಇನ್ನೂರು ಕೆ.ಜಿ.ಗೂ ಹೆಚ್ಚು. ಒಂದು ಬೈಕ್ ಮತ್ತು ಅದರ ಸವಾರ ಸೇರಿದರೂ ಅಷ್ಟೇ ತೂಕ.

ಸರಿಸಿದ ಗಾಳಿ ಎಷ್ಟು ಜೋರಾಗಿ ಒತ್ತುತ್ತದೆ ಎಂದು ತಿಳಿಯಲು ಒಂದೇ ಒಂದು ಲೆಕ್ಕ ಸಾಕು. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದುಕೊಂಡು ವರ್ಗ ಮಾಡಿ, ಗಾಳಿಯ ಸಾಂದ್ರತೆಯಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ಬರುವುದು ಪ್ಯಾಸ್ಕಲ್‌ಗಳಲ್ಲಿ ಒತ್ತಡ. 60 ಕಿ.ಮೀ. ವೇಗಕ್ಕೆ ಸುಮಾರು 150 ಪ್ಯಾಸ್ಕಲ್, 80ಕ್ಕೆ 270, 100ಕ್ಕೆ 425. ಹತ್ತು ಪ್ಯಾಸ್ಕಲ್ ಎಂದರೆ ಒಂದು ಚದರ ಮೀಟರಿನ ಮೇಲೆ ಒಂದು ಕೆ.ಜಿ. ಭಾರ ಎಂದುಕೊಳ್ಳಿ. 80ರ ವೇಗದಲ್ಲಿ ಲಾರಿಯ ಮೂತಿಯ ನಡುಭಾಗ ಪ್ರತಿ ಚದರ ಮೀಟರಿಗೆ 27 ಕೆ.ಜಿ. ಒತ್ತಡವನ್ನು ಎದುರಿಸುತ್ತಿರುತ್ತದೆ. ಈ ಲೆಕ್ಕದಲ್ಲಿ ವೇಗದ ವರ್ಗ ಇರುವುದನ್ನು ಮರೆಯಬೇಡಿ. 60ರಿಂದ 100ಕ್ಕೆ ಹೋದರೆ ವೇಗ ಒಂದೂ ಮುಕ್ಕಾಲು ಪಟ್ಟೂ ಆಗಿಲ್ಲ, ಒತ್ತಡ ಮಾತ್ರ ಮೂರು ಪಟ್ಟಿಗೆ ಹತ್ತಿರವಾಗಿದೆ.

ಲಾರಿ ಖಾಲಿಯಿದೆಯೋ ತುಂಬಿದೆಯೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಗಾಳಿಗೆ ಗೊತ್ತಾಗುವುದು ಆಕಾರ, ಗಾತ್ರ ಮತ್ತು ವೇಗ. ಚೂಪು ಅಂಚಿನ ಕಂಟೈನರ್ ಲಾರಿ ಗಾಳಿಯನ್ನು ಒರಟಾಗಿ ಒಡೆಯುತ್ತದೆ. ದುಂಡಗಿನ ಟ್ಯಾಂಕರ್ ಅದಕ್ಕಿಂತ ಮೆತ್ತಗೆ ಸರಿಸುತ್ತದೆ. ಮೂಲೆಗಳನ್ನು ದುಂಡಗೆ ಮಾಡಿರುವ ಲಕ್ಷುರಿ ಬಸ್ಸು ಅದೇ ವೇಗದಲ್ಲಿ ಲಾರಿಗಿಂತ ಕಡಿಮೆ ತೊಂದರೆ ಕೊಡಬೇಕು. ಆದರೆ ಅದು ಓಡುವುದು 80ರಲ್ಲಲ್ಲ, 100ರಲ್ಲಿ. ಆಕಾರದಿಂದ ಉಳಿದದ್ದನ್ನು ವೇಗ ನುಂಗಿಹಾಕುತ್ತದೆ.

ಮೂತಿ, ಪಕ್ಕ, ಬೆನ್ನು

ಲಾರಿಯ ಸುತ್ತಲಿನ ಗಾಳಿಯನ್ನು ಮೂರು ಭಾಗ ಮಾಡಿ ನೋಡಬೇಕು.

ಮೂತಿಯ ಮುಂದೆ ಗಾಳಿ ಒತ್ತಿಕೊಂಡು ನಿಲ್ಲುತ್ತದೆ, ಅಲ್ಲಿ ಒತ್ತಡ ಹೆಚ್ಚು. ನಿಂತ ಗಾಳಿ ಎಡಕ್ಕೂ ಬಲಕ್ಕೂ ಹರಿದು ಹೋಗುತ್ತದೆ. ಈ ಹೊರಮುಖದ ಹರಿವು ಲಾರಿಯ ಮೂತಿಗಿಂತ ಎರಡು ಮೀಟರ್ ಮುಂದಿನಿಂದ ಎರಡು ಮೀಟರ್ ಹಿಂದಿನವರೆಗೆ, ಒಟ್ಟು ನಾಲ್ಕು ಮೀಟರ್ ಉದ್ದಕ್ಕೆ ಜೋರಾಗಿರುತ್ತದೆ. ಪಕ್ಕದಲ್ಲಿರುವ ಬೈಕಿಗೆ ತಟ್ಟುವ ಮೊದಲ ನೂಕು ಇದೇ.

ಮೂತಿಯ ಮೂಲೆಯನ್ನು ಸುತ್ತಿಕೊಂಡು ಹಿಂದಕ್ಕೆ ಹರಿಯುವಾಗ ಗಾಳಿಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಹಾಗಾಗಿ ಲಾರಿಯ ಮೈಯುದ್ದಕ್ಕೂ, ಅದರಲ್ಲೂ ಮುಂದಿನ ಚಕ್ರದ ಆಸುಪಾಸಿನಲ್ಲಿ, ಹೊರಗಿನದಕ್ಕಿಂತ ಕಡಿಮೆ ಒತ್ತಡ ಇರುತ್ತದೆ. ಬೈಕಿನ ಒಂದು ಮಗ್ಗುಲಿಗೆ ಮಾಮೂಲಿ ಒತ್ತಡ, ಲಾರಿ ಕಡೆಯ ಮಗ್ಗುಲಿಗೆ ಕಡಿಮೆ ಒತ್ತಡ. ಹೊರಗಿನ ಗಾಳಿ ಬೈಕನ್ನು ಲಾರಿಯತ್ತ ಒತ್ತುತ್ತದೆ, ಸವಾರನಿಗೆ ಅದು ಲಾರಿಯೇ ಎಳೆದಂತೆ ಭಾಸವಾಗುತ್ತದೆ. ಮೂತಿಯ ನೂಕಿಗೆ ಹೋಲಿಸಿದರೆ ಇದರ ಬಲ ಕಡಿಮೆ, ಆದರೆ ಹೆಚ್ಚು ಹೊತ್ತು ಇರುತ್ತದೆ.

ಇನ್ನು ಬೆನ್ನು. ಲಾರಿಯ ಹಿಂಭಾಗ ಥಟ್ಟನೆ ಮುಗಿದುಹೋಗುವುದರಿಂದ ಗಾಳಿ ಅದಕ್ಕೆ ಅಂಟಿಕೊಂಡು ಬರಲಾರದೆ ಬಿಟ್ಟುಹೋಗುತ್ತದೆ. ಅಲ್ಲಿ ಉಳಿಯುವ ಖಾಲಿ ಜಾಗದಲ್ಲಿ, ಸುಮಾರು ಮೂರರಿಂದ ಐದು ಮೀಟರ್ ಉದ್ದಕ್ಕೆ, ಗಾಳಿ ಸುಳಿಯಾಗಿ ತಿರುಗುತ್ತಾ ಲಾರಿಯ ಜೊತೆಗೇ ಸಾಗುತ್ತದೆ. ಮಳೆಗಾಲದಲ್ಲಿ ಬಸ್ಸಿನ ಹಿಂದಿನ ಗಾಜು ಪಕ್ಕದ ಗಾಜುಗಳಿಗಿಂತ ಕೆಸರಾಗುವುದು ಈ ಸುಳಿಯಿಂದ. ಚಕ್ರ ಎರಚಿದ ನೀರನ್ನು ಅದು ಮತ್ತೆ ಮುಂದಕ್ಕೆ ಎಳೆದು ಗಾಜಿಗೆ ಬಡಿಯುತ್ತದೆ. ಹಿಂಭಾಗ ನೇರವಾಗಿ ಮುಗಿಯುವ ಹ್ಯಾಚ್‌ಬ್ಯಾಕ್ ಕಾರುಗಳಿಗೆ ಹಿಂದೆಯೂ ವೈಪರ್ ಇಡುವುದು, ಡಿಕ್ಕಿ ಇರುವ ಸೆಡಾನ್‌ಗಳಿಗೆ ಬಹುಪಾಲು ಇಡದಿರುವುದು ಇದೇ ಕಾರಣಕ್ಕೆ. ಸುಳಿಯ ಆಚೆಗೂ ಹತ್ತಾರು ಮೀಟರ್‌ವರೆಗೆ ಗಾಳಿ ಕದಡಿಯೇ ಇರುತ್ತದೆ. ಲಾರಿಯ ಎಡ ಅಂಚಿನಿಂದ ಒಮ್ಮೆ, ಬಲ ಅಂಚಿನಿಂದ ಒಮ್ಮೆ, ಸೆಕೆಂಡಿಗೆ ಒಂದೆರಡು ಸಲ ಸುಳಿಗಳು ಕಳಚಿಕೊಳ್ಳುತ್ತವೆ. ಬೈಕಿನ ಹಿಂಭಾಗ ಹಾವಿನಂತೆ ಆಚೀಚೆ ಹೊರಳಾಡುವ ಸ್ವಭಾವದ ಓಲಾಟವೂ ಸೆಕೆಂಡಿಗೆ ಎರಡರಿಂದ ನಾಲ್ಕು ಸಲದ ಆಸುಪಾಸಿನದು. ಎರಡೂ ಹತ್ತಿರವಿರುವುದರಿಂದಲೇ ಲಾರಿಯ ಬೆನ್ನ ಹಿಂದೆ ಬೈಕ್ ಅಷ್ಟೊಂದು ಅಸ್ಥಿರ ಅನಿಸುವುದು. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ, ಕ್ಯಾರಿಯರ್ ಮೇಲೆ ಭಾರದ ಮೂಟೆಯಿದ್ದರೆ ಈ ಓಲಾಟ ಇನ್ನೂ ಬೇಗ ಶುರುವಾಗುತ್ತದೆ.

ದಾಟುವ ಮೂರು ಸೆಕೆಂಡ್

ಈಗ ಲೆಕ್ಕವನ್ನು ರಸ್ತೆಗೆ ಇಳಿಸೋಣ. ಬೈಕ್ 55ರಲ್ಲಿದೆ, ಲಾರಿ 80ರಲ್ಲಿ ದಾಟುತ್ತಿದೆ. ಇಬ್ಬರ ನಡುವಿನ ಅಂತರ ಒಂದು ಮೀಟರ್. ಅಷ್ಟು ಹತ್ತಿರದಲ್ಲಿ ಬೈಕಿನ ಪಕ್ಕಕ್ಕೆ ತಟ್ಟುವುದು ಮೂತಿಯ ಒತ್ತಡದ ಐದನೇ ಒಂದು ಪಾಲು ಎಂದಿಟ್ಟುಕೊಂಡರೆ 54 ಪ್ಯಾಸ್ಕಲ್. ಬೈಕ್ ಮತ್ತು ಸವಾರನ ಪಕ್ಕದ ವಿಸ್ತೀರ್ಣ ಒಂದು ಚದರ ಮೀಟರಿಗೆ ತುಸು ಹೆಚ್ಚು. ಅಂದರೆ ಸುಮಾರು ಆರು ಕೆ.ಜಿ.ಯಷ್ಟು ನೂಕು. ಇಬ್ಬರ ವೇಗದ ವ್ಯತ್ಯಾಸ 25 ಕಿ.ಮೀ., ಸೆಕೆಂಡಿಗೆ ಏಳು ಮೀಟರ್. ನಾಲ್ಕು ಮೀಟರ್ ಉದ್ದದ ಆ ನೂಕಿನ ವಲಯ ಬೈಕನ್ನು ದಾಟಲು 0.6 ಸೆಕೆಂಡ್ ಬೇಕು. ಅಷ್ಟರಲ್ಲಿ 200 ಕೆ.ಜಿ.ಯ ಬೈಕಿಗೆ ಎಡಕ್ಕೆ ಸೆಕೆಂಡಿಗೆ 18 ಸೆಂ.ಮೀ. ವೇಗ ಬಂದಿರುತ್ತದೆ, ಸ್ಥಳ ಬಿಟ್ಟು ಕದಲಿರುವುದು ನಾಲ್ಕೈದು ಸೆಂ.ಮೀ. ಇದರಿಂದಷ್ಟೇ ಯಾರೂ ಬೀಳುವುದಿಲ್ಲ.

ಬೀಳಿಸುವುದು ಆಮೇಲಿನದು. ಎಡಕ್ಕೆ ನೂಕಿದ್ದನ್ನು ಗಮನಿಸಿ ಕೈ ಪ್ರತಿಕ್ರಿಯಿಸಲು ಮುಕ್ಕಾಲು ಸೆಕೆಂಡಾದರೂ ಹಿಡಿಯುತ್ತದೆ. ಗಾಬರಿಯಾದ ಸವಾರ ಬಲಕ್ಕೆ ವಾಲಿಸುತ್ತಾನೆ. ಅವನು ವಾಲಿಸುವ ಹೊತ್ತಿಗೆ ನೂಕು ಮುಗಿದು ಎಳೆತ ಶುರುವಾಗಿರುತ್ತದೆ. ಸವಾರನ ಕೈಯ ಬಲ ಮತ್ತು ಲಾರಿ ಪಕ್ಕದ ಎಳೆತ ಎರಡೂ ಈಗ ಒಂದೇ ದಿಕ್ಕಿಗೆ. ಹನ್ನೆರಡು ಮೀಟರ್ ಉದ್ದದ ಲಾರಿ ಪೂರ್ತಿ ದಾಟಲು 1.7 ಸೆಕೆಂಡ್. ಅಷ್ಟೂ ಹೊತ್ತು ಬೈಕ್ ಹಿಂದಿನ ಚಕ್ರಗಳ ಕಡೆಗೆ ಸರಿಯುತ್ತಿರುತ್ತದೆ. ಲಾರಿಯ ಬೆನ್ನು ದಾಟುವಾಗ ಖಾಲಿ ಜಾಗವನ್ನು ತುಂಬಲು ಒಳಕ್ಕೆ ನುಗ್ಗುವ ಗಾಳಿ ಇನ್ನೊಮ್ಮೆ ಅದೇ ಕಡೆಗೆ ಸೆಳೆಯುತ್ತದೆ. ಎದುರಿಸಬೇಕಾದದ್ದು ಲಾರಿಯ ಗಾಳಿಗಿಂತ ಹೆಚ್ಚಾಗಿ ತಡವಾಗಿ ಬರುವ ನಮ್ಮದೇ ತಿದ್ದುಪಡಿಯನ್ನು.

ಆದ್ದರಿಂದ ಮಾಡಬೇಕಾದದ್ದು ಹೀಗೆ. ಕನ್ನಡಿಯಲ್ಲಿ ಲಾರಿ ಕಂಡಾಗಲೇ, ಅದರ ಮೂತಿ ಇನ್ನೂ ಹತ್ತಿಪ್ಪತ್ತು ಮೀಟರ್ ಹಿಂದಿರುವಾಗ, ಎಡಕ್ಕೆ ಸರಿದು ನಿಮ್ಮ ದಾರಿಯನ್ನು ನೇರ ಮಾಡಿಕೊಂಡುಬಿಡಿ. ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ. ನೀವು ನಿಧಾನವಾದಷ್ಟೂ ಲಾರಿ ಬೇಗ ದಾಟುತ್ತದೆ. ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ, ಮೊಣಕೈ ಸಡಿಲವಾಗಿರಲಿ, ಮೈ ಸ್ವಲ್ಪ ಬಗ್ಗಲಿ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಮೈಗೆ ತಟ್ಟಿದ ಗಾಳಿಯೆಲ್ಲ ತೋಳಿನ ಮೂಲಕ ಮುಂದಿನ ಚಕ್ರಕ್ಕೆ ಹೋಗುತ್ತದೆ. ಮೊದಲ ನೂಕಿಗೆ ಉತ್ತರ ಕೊಡಲು ಹೋಗಬೇಡಿ, ಅದು ಅರ್ಧ ಸೆಕೆಂಡಿನಲ್ಲಿ ತಾನೇ ಹೋಗುತ್ತದೆ. ಗಮನವೆಲ್ಲ ಎರಡನೆಯ ಹಂತಕ್ಕಿರಲಿ: ಬಲಕ್ಕೆ ಸರಿಯುತ್ತಿದೆ ಅನಿಸಿದರೆ ಎಡ ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ. ಓಡುತ್ತಿರುವ ಬೈಕ್ ಒತ್ತಿದ ಹಿಡಿಕೆಯ ಕಡೆಗೇ ವಾಲುತ್ತದೆ. ಸ್ಕೂಟರಿನಲ್ಲಿ ಮೊಣಕಾಲಿನಲ್ಲಿ ಒತ್ತಿಹಿಡಿಯಲು ಟ್ಯಾಂಕ್ ಇಲ್ಲ, ಚಕ್ರಗಳೂ ಚಿಕ್ಕವು. ಸ್ಕೂಟರ್ ಸವಾರರು ಅಂತರವನ್ನೇ ನಂಬಬೇಕು.

ಅಂತರದ ಬೆಲೆ ಎಷ್ಟು? ನೂಕಿನ ಬಲ ಲಾರಿಯ ನಡುಗೆರೆಯಿಂದ ದೂರ ಹೋದಂತೆ ಬೇಗ ಕುಸಿಯುತ್ತದೆ. ಲಾರಿಯ ಮೈಯಿಂದ ಒಂದು ಮೀಟರ್ ಇದ್ದದ್ದನ್ನು ಎರಡು ಮಾಡಿದರೆ ಬಲ ಸುಮಾರು ಅರ್ಧಕ್ಕಿಳಿಯುತ್ತದೆ. ಲಾರಿ ತನ್ನ ವೇಗವನ್ನು 80ರಿಂದ 60ಕ್ಕೆ ಇಳಿಸಿದರೂ ಹೆಚ್ಚುಕಡಿಮೆ ಅಷ್ಟೇ ಲಾಭ. ಒಂದು ಮೀಟರ್ ಜಾಗ ಇಲ್ಲವೇ ಇಪ್ಪತ್ತು ಕಿ.ಮೀ. ವೇಗ, ಇಬ್ಬರಲ್ಲಿ ಯಾರಾದರೊಬ್ಬರು ಬಿಟ್ಟುಕೊಡಬೇಕು. ನಮ್ಮ ಹೈವೇಗಳಲ್ಲಿ ಒಂದು ಲೇನ್ 3.5 ಮೀಟರ್ ಅಗಲ, ಲಾರಿ 2.5. ಒಂದೇ ಲೇನಿನಲ್ಲಿ ಬೈಕನ್ನು ಉಜ್ಜಿಕೊಂಡು ದಾಟುವ ಲಾರಿಗೆ ಒಟ್ಟು ಉಳಿಯುವುದೇ ಒಂದು ಮೀಟರ್, ಅದರೊಳಗೆ ಬೈಕೂ ಇರಬೇಕು. ಪೂರ್ತಿ ಲೇನ್ ಬದಲಿಸಿ ದಾಟಿದರೆ ಮಾತ್ರ ಎರಡು ಮೀಟರ್ ಸಿಗುತ್ತದೆ. ಸೈಕಲ್ ಸವಾರರನ್ನು ದಾಟುವಾಗ ಸ್ಪೇನಿನಲ್ಲಿ 1.5 ಮೀಟರ್ ಬಿಡಬೇಕು. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5, ಊರಾಚೆ 2 ಮೀಟರ್. ಊರಾಚೆ ಅರ್ಧ ಮೀಟರ್ ಜಾಸ್ತಿ ಕೇಳುವುದು ಸರಿಯಾಗಿಯೇ ಇದೆ, ಅಲ್ಲಿ ವೇಗ ಹೆಚ್ಚು.

ಎದುರಿನಿಂದ ಬರುವ ಲಾರಿಯ ಹೊಡೆತ ಹೆಚ್ಚು ಭಯ ಹುಟ್ಟಿಸುತ್ತದೆ, ಆದರೆ ಬೈಕನ್ನು ಕದಲಿಸುವುದು ಕಡಿಮೆ. ಎದುರುಬದುರಾದಾಗ ಎರಡೂ ವೇಗ ಕೂಡಿಕೊಂಡು 135 ಕಿ.ಮೀ. ಆಗುವುದರಿಂದ ಅದೇ ನಾಲ್ಕು ಮೀಟರ್ ವಲಯ 0.11 ಸೆಕೆಂಡಿನಲ್ಲಿ ದಾಟಿಹೋಗುತ್ತದೆ. ನೂಕುವ ಹೊತ್ತು ಐದಾರು ಪಟ್ಟು ಕಡಿಮೆಯಾದ್ದರಿಂದ ಬೈಕಿಗೆ ಬರುವ ಅಡ್ಡವೇಗವೂ ಅಷ್ಟೇ ಕಡಿಮೆ. ನಿಧಾನವಾಗಿ, ಪಕ್ಕದಲ್ಲೇ ತೆವಳಿಕೊಂಡು ದಾಟುವ ಲಾರಿಯೇ ಹೆಚ್ಚು ಕಾಟ ಕೊಡುವುದು.

ಚಿಕ್ಕ ಬೈಕ್ ಲಾರಿಯನ್ನು ದಾಟುವಾಗ

ಲಾರಿಯ ಹಿಂದೆ 70ರಲ್ಲಿ ಹೋಗುತ್ತಿರುವ ನೂರು ಸಿ.ಸಿ. ಬೈಕಿಗೆ ತನ್ನ ಶಕ್ತಿಯ ಬಗ್ಗೆ ತಪ್ಪು ಅಂದಾಜು ಸಿಗುತ್ತದೆ. ನೆಟ್ಟಗೆ ಕುಳಿತ ಸವಾರನೊಡನೆ ಬಯಲು ಗಾಳಿಯಲ್ಲಿ 70ರ ವೇಗಕ್ಕೆ ಚಕ್ರದಲ್ಲಿ ಸುಮಾರು 3 ಕಿಲೋವ್ಯಾಟ್ ಬೇಕು. ಲಾರಿಯ ಮರೆಯಲ್ಲಿ ಎದುರುಗಾಳಿಯ ವೇಗ ಶೇ 60ಕ್ಕೆ ಇಳಿದರೆ 1.4 ಕಿಲೋವ್ಯಾಟ್ ಸಾಕು. ಎಂಜಿನ್ ಹಗುರವಾಗಿ ಓಡುತ್ತಿರುತ್ತದೆ, ಆಕ್ಸಿಲರೇಟರ್ ಅರ್ಧವೂ ತಿರುಗಿಲ್ಲ. ಇನ್ನೂ ಬೇಕಾದಷ್ಟು ಇದೆ ಎಂದುಕೊಂಡು ಸವಾರ ಬಲಕ್ಕೆ ತೆಗೆಯುತ್ತಾನೆ. ಮರೆಯಿಂದ ಹೊರಬಿದ್ದ ಕೂಡಲೇ ಪೂರ್ತಿ ಎದುರುಗಾಳಿ. 80ಕ್ಕೆ ಹೋಗಬೇಕೆಂದರೆ 4.3 ಕಿಲೋವ್ಯಾಟ್ ಬೇಕು, ಮರೆಯಲ್ಲಿ ಬೇಕಾಗಿದ್ದುದರ ಮೂರು ಪಟ್ಟು. ಎಂಟು ಅಶ್ವಶಕ್ತಿಯ ಎಂಜಿನ್ನಿನಿಂದ ಚಕ್ರಕ್ಕೆ ಬಂದು ಮುಟ್ಟುವುದು 5 ಕಿಲೋವ್ಯಾಟ್ ಆಸುಪಾಸು. ಎದುರಿನಿಂದ ಹತ್ತು ಕಿ.ಮೀ. ವೇಗದ ಸಣ್ಣ ಗಾಳಿಯಿದ್ದರೂ ಬೇಕಾಗುವುದು 5.2. ಅಲ್ಲಿಗೆ ಮುಗಿಯಿತು, ಹಿಂಬದಿ ಸವಾರನನ್ನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

80 ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಲಾರಿಯ 15 ಮೀಟರ್ ಹಿಂದಿನಿಂದ 10 ಮೀಟರ್ ಮುಂದಕ್ಕೆ, ನಡುವೆ ಲಾರಿಯ 12 ಮೀಟರ್: ಒಟ್ಟು 37 ಮೀಟರನ್ನು ಗಂಟೆಗೆ 10 ಕಿ.ಮೀ. ಹೆಚ್ಚಿನ ವೇಗದಲ್ಲಿ ಕ್ರಮಿಸಲು 13 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು 300 ಮೀಟರ್ ಹೋಗಿರುತ್ತೀರಿ, ಎದುರಿನಿಂದ 70ರಲ್ಲಿ ಬರುವ ವಾಹನ 260 ಮೀಟರ್ ಬಂದಿರುತ್ತದೆ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಖಾಲಿ ಕಾಣದಿದ್ದರೆ ಹೊರಡಲೇಬಾರದು. ದಾಟುವಾಗ ಬಲಗಳ ಕ್ರಮವೂ ತಿರುಗುಮುರುಗು. ಮೊದಲು ಬೆನ್ನ ಹಿಂದಿನ ಕದಡಿದ ಗಾಳಿ, ಆಮೇಲೆ ಲಾರಿಯ ಕಡೆಗೆ ಉದ್ದದ ಎಳೆತ, ಕೊನೆಗೆ ಮೂತಿಯ ಬಳಿ ಹೊರಕ್ಕೆ ನೂಕು. ಎಳೆತಕ್ಕೆ ಎದುರಾಗಿ ಬಲಕ್ಕೆ ಒತ್ತಿ ಹಿಡಿದಿದ್ದ ಕೈ ಮೂತಿ ಬರುವ ಮೊದಲೇ ಸಡಿಲವಾಗಬೇಕು, ಇಲ್ಲದಿದ್ದರೆ ಎರಡೂ ಸೇರಿ ಎದುರಿನ ಲೇನಿನೊಳಕ್ಕೇ ಒಯ್ಯುತ್ತವೆ.

ಚಿತ್ರದುರ್ಗದ ಗಾಳಿ, ಹೋಗುವಾಗ ಮತ್ತು ಬರುವಾಗ

ಇಷ್ಟು ಹೊತ್ತು ಹೇಳಿದ್ದು ನಿಂತ ಗಾಳಿಯಲ್ಲಿ. ಅಡ್ಡಗಾಳಿ ಸೇರಿದಾಗ ಲೆಕ್ಕ ಗಂಭೀರವಾಗುತ್ತದೆ. ಇದಕ್ಕೆ ನಮ್ಮ ರಾಷ್ಟ್ರೀಯ ಹೆದ್ದಾರಿ 48ರ ತುಮಕೂರು–ಚಿತ್ರದುರ್ಗ–ದಾವಣಗೆರೆ ಹಾದಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಅಲ್ಲಿ ಗಾಳಿ ಬೀಸುತ್ತದೆ ಎಂಬುದಕ್ಕೇ. ರಸ್ತೆ ವಾಯುವ್ಯಕ್ಕೆ ಸಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರು ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ. ರಸ್ತೆಗೆ ಹೆಚ್ಚುಕಡಿಮೆ ಅಡ್ಡಡ್ಡ.

60ರಲ್ಲಿ ಹೋಗುವ ಬೈಕಿಗೆ 30 ಕಿ.ಮೀ. ಅಡ್ಡಗಾಳಿ ತಟ್ಟುತ್ತಿದ್ದರೆ ಅದು ನೇರ ಹೋಗಲು ಗಾಳಿಯ ಕಡೆಗೆ ಸುಮಾರು ಮೂರು ಡಿಗ್ರಿ ವಾಲಿರಬೇಕು. ಒಂದೇ ಸಮನೆ ಬೀಸುವ ಗಾಳಿಗೆ ಸವಾರನಿಗೆ ಅರಿವಿಲ್ಲದೆಯೇ ಮೈ ಹೊಂದಿಕೊಳ್ಳುತ್ತದೆ. ಗಾಳಿ ಥಟ್ಟನೆ ನಿಂತರೆ ಆ ವಾಲು ಉಳಿದುಬಿಡುತ್ತದೆ, ಬೈಕ್ ವಾಲಿದ ಕಡೆಗೆ ತಿರುಗುತ್ತದೆ. ಅಷ್ಟು ದೊಡ್ಡ ಗಾಳಿಯನ್ನು ಥಟ್ಟನೆ ನಿಲ್ಲಿಸುವ ಗೋಡೆ ಹೈವೇಯಲ್ಲಿ ಒಂದೇ, ಲಾರಿ.

ದಾವಣಗೆರೆಯ ಕಡೆಗೆ ಹೋಗುವಾಗ ಗಾಳಿ ಎಡದಿಂದ. ನೀವು ಎಡಕ್ಕೆ ವಾಲಿದ್ದೀರಿ. ಎಡ ಲೇನಿನ ಲಾರಿಯನ್ನು ಬಲದಿಂದ ದಾಟಲು ಹೊರಟರೆ ಲಾರಿಯ ಮರೆಯೊಳಗೆ ಬಂದ ಕೂಡಲೇ ಬೈಕ್ ಎಡಕ್ಕೆ, ಅಂದರೆ ಲಾರಿಯ ಕಡೆಗೆ, ಹೊರಳುತ್ತದೆ. ಪಕ್ಕದ ಎಳೆತವೂ ಅದೇ ದಿಕ್ಕಿಗೆ. ಸರಿಪಡಿಸಿಕೊಂಡು ಮೂತಿ ದಾಟುತ್ತಿದ್ದಂತೆ ಮೂತಿಯ ನೂಕು ಮತ್ತು ಎಡದ ಗಾಳಿ ಎರಡೂ ಒಟ್ಟಿಗೆ ಬಲಕ್ಕೆ, ಡಿವೈಡರ್ ಕಡೆಗೆ ಎಸೆಯುತ್ತವೆ.

ಬೆಂಗಳೂರಿನ ಕಡೆಗೆ ವಾಪಸು ಬರುವಾಗ ಗಾಳಿ ಬಲದಿಂದ, ನೀವು ವಾಲಿರುವುದು ಬಲಕ್ಕೆ. ಈಗ ನೀವು ಯಾರನ್ನೂ ದಾಟಬೇಕಿಲ್ಲ, ಲಾರಿಯೇ ನಿಮ್ಮನ್ನು ಬಲದಿಂದ ದಾಟುತ್ತದೆ. ಮೂತಿ ಎಡಕ್ಕೆ ನೂಕುತ್ತದೆ, ಬಲದ ಗಾಳಿಯೂ ಎಡಕ್ಕೇ ಒತ್ತುತ್ತಿದೆ. ಸವಾರ ಇನ್ನಷ್ಟು ಬಲಕ್ಕೆ ವಾಲುತ್ತಾನೆ. ಮರುಗಳಿಗೆಯಲ್ಲಿ ಲಾರಿಯ ಮೈ ಗಾಳಿಯನ್ನು ಪೂರ್ತಿ ತಡೆಯುತ್ತದೆ. ನೂಕು ಹೋಯಿತು, ಗಾಳಿ ಹೋಯಿತು, ಎಳೆತ ಶುರುವಾಯಿತು, ವಾಲು ಹಾಗೇ ಉಳಿಯಿತು. ನಾಲ್ಕೂ ಸೇರಿ ಬೈಕನ್ನು ಲಾರಿಯ ಹಿಂದಿನ ಚಕ್ರಗಳ ಕಡೆಗೆ ಒಯ್ಯುತ್ತವೆ. ಬೈಕ್ ಸವಾರನ ದೃಷ್ಟಿಯಿಂದ ನನಗೆ ಇದೇ ಎಲ್ಲಕ್ಕಿಂತ ಕೆಟ್ಟ ಸಂದರ್ಭ, ಯಾಕೆಂದರೆ ಅದರ ಆರಂಭ ಅವನ ಕೈಯಲ್ಲಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಆ ದಿಕ್ಕಿಗೆ ಬರುವವರು ಎಡ ಅಂಚಿನ ಪಕ್ಕಾ ಶೋಲ್ಡರ್ ಇರುವಲ್ಲೆಲ್ಲ ಅದಕ್ಕೆ ಹತ್ತಿರವಾಗಿ ಹೋಗುವುದು, 50ರ ಮೇಲೆ ಹೋಗದಿರುವುದು ಒಳ್ಳೆಯದು.

ಬಲ ಲೇನ್ ಹಿಡಿದು ಬಿಡದ ಲಾರಿಯನ್ನು ಎಡದಿಂದ ದಾಟುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ದಾವಣಗೆರೆಯ ಕಡೆಗೆ ಹೋಗುವಾಗ ಹಾಗೆ ಮಾಡಿದರೆ ಎಡದ ಗಾಳಿ ನಿಮ್ಮನ್ನು ಲಾರಿಗೇ ಒತ್ತುತ್ತಿರುತ್ತದೆ, ಜೊತೆಗೆ ನೀವಿರುವುದು ಚಾಲಕನಿಗೆ ಸರಿಯಾಗಿ ಕಾಣದ ಮಗ್ಗುಲಲ್ಲಿ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊಗಳನ್ನು ನಿಷೇಧಿಸಿದಾಗ ಬಹಳ ಜನ ಬೇಸರಪಟ್ಟರು. ಸರ್ವಿಸ್ ರಸ್ತೆ ಚೆನ್ನಾಗಿರಬೇಕು ಎಂಬ ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ನೂರರ ವೇಗದ ಬಸ್ಸುಗಳ ಪಕ್ಕದಲ್ಲಿ 50ರಲ್ಲಿ ಹೋಗುವ, ಎರಡೂ ಬದಿ ತೆರೆದ, ಬಟ್ಟೆ ಹೊದಿಕೆಯ ಆಟೊವನ್ನು ಬಿಡುವುದನ್ನು ಗಾಳಿಯ ಲೆಕ್ಕ ಬಲ್ಲವರು ಸಮರ್ಥಿಸಲಾರರು.

ಲಾರಿಯ ಹಿಂದೆ ಹೋದರೆ ಮೈಲೇಜ್ ಬರುತ್ತದೆಯೇ?

ಬರುತ್ತದೆ. ಸೈಕಲ್ ರೇಸಿನವರು ಬದುಕುವುದೇ ಇದರ ಮೇಲೆ. ಒಬ್ಬರ ಹಿಂದೆ ಒತ್ತಿಕೊಂಡು ಹೋಗುವವರಿಗೆ ಗಾಳಿಯ ತಡೆ ಮೂರನೇ ಒಂದು ಪಾಲಿನಷ್ಟು ತಪ್ಪುತ್ತದೆ. ಗಾಳಿಯ ಹರಿವಿನ ಸಂಶೋಧಕ ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 2018ರಲ್ಲಿ 121 ಸವಾರರ ದಟ್ಟ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿಸುರಂಗದಲ್ಲೂ ಪರೀಕ್ಷಿಸಿದಾಗ ಗುಂಪಿನ ಒಳಭಾಗದಲ್ಲಿ ಇರುವವರಿಗೆ ಒಂಟಿ ಸವಾರನ ತಡೆಯ ಶೇ 5ರಿಂದ 10ರಷ್ಟು ಮಾತ್ರ ಕಂಡಿತು. ಮುಂದಿರುವವನಿಗೂ ಸಣ್ಣ ಲಾಭ ಇದೆ: ಹಿಂದಿನವನು ಖಾಲಿ ಜಾಗ ತುಂಬುವುದರಿಂದ ಅವನನ್ನು ಹಿಂದಕ್ಕೆಳೆಯುವ ಕಡಿಮೆ ಒತ್ತಡ ಸ್ವಲ್ಪ ಏರುತ್ತದೆ.

ಲಾರಿಗಳಲ್ಲೂ ಇದನ್ನು ಪ್ರಯತ್ನಿಸಿದ್ದಾರೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2014ರಲ್ಲಿ ಎರಡು ಟ್ರಕ್ಕುಗಳನ್ನು ಸುಮಾರು 6ರಿಂದ 23 ಮೀಟರ್ ಅಂತರದಲ್ಲಿ ಓಡಿಸಿ ಅಳೆಯಿತು. ಮುಂದಿನದಕ್ಕೆ ಹೆಚ್ಚೆಂದರೆ ಶೇ 5.3, ಹಿಂದಿನದಕ್ಕೆ ಶೇ 9.7ರಷ್ಟು ಡೀಸೆಲ್ ಉಳಿಯಿತು. ಒಂದು ತೊಡಕೂ ಕಂಡಿತು. ತೀರಾ ಹತ್ತಿರ ಹೋದಾಗ ಹಿಂದಿನ ಟ್ರಕ್ಕಿನ ರೇಡಿಯೇಟರಿಗೆ ಗಾಳಿ ಸಾಲದೆ ಎಂಜಿನ್ ಫ್ಯಾನ್ ಓಡಬೇಕಾಗಿ ಬಂದು ಉಳಿತಾಯದ ಒಂದು ಭಾಗ ಅಲ್ಲೇ ಹೋಯಿತು. ಮೂತಿ ದುಂಡಗಿರುವ ವಾಹನಗಳಿಗೆ ಇನ್ನೊಂದು ತೊಂದರೆ. ದುಂಡಗಿನ ಮೂಲೆಯನ್ನು ಗಾಳಿ ಸುತ್ತುವಾಗ ಹುಟ್ಟುವ ಕಡಿಮೆ ಒತ್ತಡ ವಾಹನವನ್ನು ಮುಂದಕ್ಕೆ ಸೆಳೆಯುತ್ತಿರುತ್ತದೆ. ಕದಡಿದ ಗಾಳಿಯಲ್ಲಿ ಆ ಸಹಾಯ ಕೈಬಿಡುತ್ತದೆ. ಅಂಥ ವಾಹನ ಮಿತಿಮೀರಿ ಹತ್ತಿರ ಹೋದರೆ ತಡೆ ಕಡಿಮೆಯಾಗುವ ಬದಲು ಹೆಚ್ಚಾಗಲೂಬಹುದು. ಯುರೋಪಿನಲ್ಲಿ 2016ರಲ್ಲಿ ಹಲವು ಕಂಪನಿಗಳ ಟ್ರಕ್ಕುಗಳು ಹೀಗೆ ಸಾಲಾಗಿ ರೋಟರ್‌ಡ್ಯಾಮಿಗೆ ಓಡಿ ಬಂದವು. 2019ರ ಜನವರಿಯಲ್ಲಿ ಡೈಮ್ಲರ್ ಕಂಪನಿ ನಿಜವಾದ ಸಂಚಾರದಲ್ಲಿ ಉಳಿತಾಯ ನಿರೀಕ್ಷಿಸಿದಷ್ಟಿಲ್ಲ ಎಂದು ಹೇಳಿ ಇದನ್ನು ಕೈಬಿಟ್ಟಿತು. ಸಾಲು ಪದೇಪದೇ ಮುರಿಯುತ್ತದೆ, ಮತ್ತೆ ಸೇರಲು ಹಿಂದಿನ ಲಾರಿ ವೇಗ ಹೆಚ್ಚಿಸಬೇಕಾಗುತ್ತದೆ, ಉಳಿದ ಡೀಸೆಲ್ ಅದಕ್ಕೇ ಸರಿಹೋಗುತ್ತದೆ.

ಆ ಟ್ರಕ್ಕುಗಳ ಬ್ರೇಕುಗಳು ರೇಡಿಯೊ ಮೂಲಕ ಬೆಸೆದಿದ್ದವು, ಮುಂದಿನದು ಬ್ರೇಕ್ ಒತ್ತಿದ ಗಳಿಗೆಯಲ್ಲೇ ಹಿಂದಿನದರಲ್ಲೂ ಒತ್ತುತ್ತಿತ್ತು. ನಿಮ್ಮ ಕಾರಿಗೂ ಮುಂದಿನ ಲಾರಿಗೂ ಅಂಥ ಸಂಬಂಧ ಇಲ್ಲ. ಮೈಲೇಜ್ ಕಣ್ಣಿಗೆ ಕಾಣುವಷ್ಟು ಹೆಚ್ಚಬೇಕೆಂದರೆ ಹತ್ತು ಮೀಟರ್ ಒಳಗೆ ಹೋಗಬೇಕು. 80ರ ವೇಗದಲ್ಲಿ ಹತ್ತು ಮೀಟರ್ ಎಂದರೆ ಅರ್ಧ ಸೆಕೆಂಡಿಗೂ ಕಡಿಮೆ. ಲಾರಿಯ ಕೆಳಗಿನಿಂದ ನಿಮ್ಮ ಚಕ್ರದ ಮುಂದೆ ಹೊರಬರುವ ಗುಂಡಿಯನ್ನು ನೋಡಲೂ ಅದು ಸಾಲದು. ಇದನ್ನು ಮಾಡಲೇಬೇಡಿ.

ರೇಸ್ ಕಾರುಗಳ ಕಷ್ಟ ಬೇರೆ. ಅವಕ್ಕೆ ಮುಂದಿನ ಕಾರಿನ ಮರೆ ನೇರ ಹಾದಿಯಲ್ಲಿ ವರ, ತಿರುವಿನಲ್ಲಿ ಶಾಪ, ಯಾಕೆಂದರೆ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದೂ ಗಾಳಿಯೇ. ಫಾರ್ಮುಲಾ 1 ಪ್ರಕಟಿಸಿದ ಅಂಕಿಗಳ ಪ್ರಕಾರ 2021ರವರೆಗಿನ ಕಾರು ಇನ್ನೊಂದರ 20 ಮೀಟರ್ ಹಿಂದಿದ್ದಾಗ ಆ ಒತ್ತುವ ಬಲದ ಶೇ 35ರಷ್ಟನ್ನು, 10 ಮೀಟರ್ ಹಿಂದಿದ್ದಾಗ ಹತ್ತಿರ ಹತ್ತಿರ ಅರ್ಧವನ್ನು ಕಳೆದುಕೊಳ್ಳುತ್ತಿತ್ತು. ರೆಕ್ಕೆಗಳ ಕೆಲಸವನ್ನು ಕಾರಿನ ತಳಕ್ಕೆ ವರ್ಗಾಯಿಸಿದ 2022ರ ವಿನ್ಯಾಸದಲ್ಲಿ ಇದನ್ನು ಶೇ 4 ಮತ್ತು ಶೇ 18ಕ್ಕೆ ಇಳಿಸಿದರು.

ರೈಲಿನ ವಿಷಯ ಎರಡು ಮಾತು. 130 ಕಿ.ಮೀ. ವೇಗದ ರೈಲಿನ ಮೂತಿಯ ಒತ್ತಡ 80ರ ಲಾರಿಯದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ರೈಲು ಉದ್ದವಿರುವುದರಿಂದ ಅದರ ಮೈಗೆ ಅಂಟಿಕೊಂಡು ಓಡುವ ಗಾಳಿಯ ಪದರ ಹಿಂದಕ್ಕೆ ಹೋದಂತೆ ದಪ್ಪವಾಗುತ್ತದೆ. ಪ್ಯಾಸೆಂಜರ್ ರೈಲಿನಲ್ಲಿ ಜೋರು ಗಾಳಿ ಕೊನೆಯ ಬೋಗಿ ದಾಟಿದ ಮೇಲೆ ಬರುವುದುಂಟು. ತೆರೆದ ವ್ಯಾಗನ್ನುಗಳ ಗೂಡ್ಸ್ ಇನ್ನೂ ಒರಟು. ಪ್ಲಾಟ್‌ಫಾರ್ಮಿನ ಹಳದಿ ಪಟ್ಟಿಯ ಹಿಂದೆ ನಿಂತವರು ಕೊನೆಯ ಬೋಗಿ ಹೋದ ಕೂಡಲೇ ಮುಂದೆ ಬರಬಾರದು, ಮಕ್ಕಳ ಗಾಡಿಯ ಬ್ರೇಕನ್ನೂ ಆಮೇಲೆ ತೆಗೆಯಬೇಕು.

ಸ್ಟಿಯರಿಂಗ್ ಹಿಡಿದವರಿಗೆ

ಇಡೀ ಲೆಕ್ಕದಲ್ಲಿ ಹೆಚ್ಚಿನ ಅಧಿಕಾರ ಇರುವುದು ಲಾರಿ, ಬಸ್ಸು ಓಡಿಸುವವರ ಕೈಯಲ್ಲಿ. ಬೈಕನ್ನು ದಾಟುವ ಮುಂಚೆ ಪೂರ್ತಿ ಬಲ ಲೇನಿಗೆ ಬನ್ನಿ. ಬಲಗಡೆ ಜಾಗವಿಲ್ಲದಿದ್ದರೆ ಕಾಯಿರಿ, ಇಲ್ಲವೇ ವೇಗ ಇಳಿಸಿ ದಾಟಿ. ಜಾಗ ಸಿಕ್ಕಾಗ ಬೈಕಿನ ಪಕ್ಕದಲ್ಲಿ ಹೊತ್ತು ಕಳೆಯಬೇಡಿ. ಟಾರ್ಪಾಲಿನ ಅಂಚನ್ನು ಹೊರಡುವ ಮುಂಚೆ ಒಮ್ಮೆ, ಮೊದಲ ಐವತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನೋಡಿ. ಪಕ್ಕದಲ್ಲಿ ಒತ್ತಡ ಕಡಿಮೆ ಇರುವುದರಿಂದ ಅದು ಹೊರಕ್ಕೆ ಉಬ್ಬುತ್ತದೆ, ಹಗ್ಗ ಸಡಿಲವಾದರೆ ಪಟಪಟ ಬಡಿಯುವ ತುದಿ ಪಕ್ಕದ ಸವಾರನ ಮುಖದ ಎತ್ತರಕ್ಕೇ ಬರುತ್ತದೆ. ದಾಟಿಯಾದ ಕೂಡಲೇ ಎಡಕ್ಕೆ ತೆಗೆಯಬೇಡಿ. ಎಡ ಕನ್ನಡಿಯಲ್ಲಿ ಬೈಕಿನ ಎರಡೂ ಚಕ್ರ ಮತ್ತು ಅದರ ಮುಂದೆ ಒಂದಷ್ಟು ರಸ್ತೆ ಕಾಣುವವರೆಗೆ ನಿಮ್ಮ ಲೇನಿನಲ್ಲೇ ಇರಿ. ಬೇಗ ತೆಗೆದರೆ ಲಾರಿಯ ಬೆನ್ನ ಹಿಂದಿನ ಸುಳಿಯನ್ನು ನೇರವಾಗಿ ಅವನ ಮುಂದಿನ ಚಕ್ರದ ಮೇಲೆ ತಂದಿಟ್ಟಂತೆ, ಅದೂ ಅವನು ಎಳೆತದಿಂದ ಇನ್ನೂ ಸಾವರಿಸಿಕೊಳ್ಳುತ್ತಿರುವಾಗಲೇ.